ಟೀಚರ್ ಬೇಡ, ಕುಣಿಯುವವಳು ಸಾಕು

ಅಬುಧಾಬಿಯ ನಮ್ಮ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯು ಒಬ್ಬ ಕನ್ನಡ ಶಿಕ್ಷಕಿಯನ್ನು ಆಕೆಯ ಮೈಬಣ್ಣದ ಕಾರಣಕ್ಕೆ ತರಗತಿಯಿಂದ ಹೊರಗೆ ಹಾಕಿದೆ. ಹೊರಗೆ ಹಾಕಿದ ಮೇಲೆ ಆ ಕೆಲಸಕ್ಕೆ 'ವೇಳಾಪಟ್ಟಿಯ ಬದಲಾವಣೆ' ಎಂದು ಹೆಸರಿಟ್ಟಿದೆ. ಹಾಗೆ ಹೆಸರಿಟ್ಟವರಲ್ಲಿ ನನ್ನ ತಂದೆಯೂ ಒಬ್ಬರು. ಆದ್ದರಿಂದ ಇದನ್ನು ಹೊರಗಿನವಳ ದೂರು ಎಂದು ಯಾರೂ ತಳ್ಳಿಹಾಕುವಂತಿಲ್ಲ. ಸಮಿತಿಯವರ ಮನೆಯಲ್ಲೇ ಉಂಡು ಬೆಳೆದವಳು ನಾನು. ಹೊಸ ವರ್ಷದ ತರಗತಿಗಳು ಇನ್ನೇನು ಶುರುವಾಗಲಿವೆ. ಆ ತರಗತಿ ಆಕೆಗೆ ಮರಳಿ ಸಿಗುತ್ತದೆಯೋ ಇಲ್ಲವೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಬೇಕು. ಅದಕ್ಕಾಗಿ, ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಆಕೆ ಯಲ್ಲಾಪುರದವರು, ಸಿದ್ದಿ ಸಮುದಾಯದವರು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ನಮ್ಮ ಪಶ್ಚಿಮ ಕರಾವಳಿಗೆ ತರಲ್ಪಟ್ಟು, ಉತ್ತರ ಕನ್ನಡದಲ್ಲಿ ನೆಲೆಸಿ, ಅಲ್ಲಿಯ ಮಾತನ್ನೇ ತಮ್ಮದಾಗಿಸಿಕೊಂಡವರ ಮನೆಯ ಮಗಳು. ಧಾರವಾಡದಲ್ಲಿ ನರ್ಸಿಂಗ್ ಓದಿದರು. ಅಬುಧಾಬಿಯ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಕೆಲಸ. ನಾನು ಅವರನ್ನು ಅಕ್ಕ ಎಂದು ಕರೆಯುತ್ತೇನೆ. ಅಕ್ಕ ಕಾರನ್ನು ವಿಪರೀತ ವೇಗವಾಗಿ ಓಡಿಸುತ್ತಾರೆ. ಅಷ್ಟು ವೇಗವಾಗಿ ಓಡಿಸಿಯೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಉಗುರಿನ ಬಣ್ಣ ಮತ್ತು ಸೀರೆಯ ಅಂಚು ಹೊಂದಲೇಬೇಕೆಂಬ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುವವರಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಸಮಿತಿಯ ಮಾತುಗಳಲ್ಲಿ ಆಕೆಗೆ ಬಣ್ಣವೊಂದನ್ನು ಬಿಟ್ಟು ಬೇರೆ ಏನೂ ಇದ್ದಂತೆ ಕಾಣುವುದಿಲ್ಲ.

ಮೊದಲು ಸಂಘದ ಕನ್ನಡ ತರಗತಿ ಆನ್‌ಲೈನಿನಲ್ಲಿ ನಡೆಯುತ್ತಿತ್ತು. ಆಗಿನ ಕಾರ್ಯದರ್ಶಿಗಳು, ಈಗ ಊರಿಗೆ ಮರಳಿದ್ದಾರೆ, ಅಕ್ಕನನ್ನು ಫೋನಿನಲ್ಲೇ ಮಾತಾಡಿಸಿ ಗೊತ್ತುಮಾಡಿದ್ದರು. ನಾನು ಸಹಾಯಕಿ. ಪರದೆಯ ತುಂಬ ಅಕ್ಷರಗಳ ಹಲಗೆ, ಟೀಚರ್ ಚಿತ್ರದ ಜಾಗದಲ್ಲಿ ಒಂದು ಕೆಂಪು ದಾಸವಾಳ. ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಡ್ಯೂಟಿ ಮುಗಿಸಿ ಆಸ್ಪತ್ರೆಯ ವಿಶ್ರಾಂತಿ ಕೋಣೆಯಿಂದಲೇ ಪಾಠ ಮಾಡುತ್ತಿದ್ದರು, ಅಲ್ಲಿ ಕ್ಯಾಮೆರಾ ತೆರೆಯುವಂತಿರಲಿಲ್ಲ. ಪಾಠದ ತಯಾರಿಗೆಂದು ಭೇಟಿಯಾಗುತ್ತಿದ್ದ ನನಗೆ ಅವರ ಮುಖ ಗೊತ್ತಿತ್ತು. ಅದು ಯಾರಿಗಾದರೂ ಮುಂದಾಗಿ ತಿಳಿಸಬೇಕಾದ ಸಂಗತಿಯೆಂದು ಅವರಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಅವರ ಪಾಠದ ಕ್ರಮ ಸರಳವಾಗಿತ್ತು. ಪ್ರತಿ ವಾರ ಪ್ರತಿ ಮಗುವೂ ಊರಿಗೆ ಫೋನು ಮಾಡಿ ಅಜ್ಜಿಯಿಂದಲೋ ಅಜ್ಜನಿಂದಲೋ ಒಂದು ಪದ ಕೇಳಿ ತರಬೇಕು. ಒಮ್ಮೆ ಉಡುಪಿ ಕಡೆಯ ಮಗು 'ಪುಂಡಿ' ಎಂದರೆ ಅಕ್ಕಿಯ ಉಂಡೆ ಎಂದಿತು. ಗದಗಿನ ಕಡೆಯ ಮಗು ಅಲ್ಲ, ಅದು ಹುಳಿ ಸೊಪ್ಪು ಎಂದು ಹಟ ಹಿಡಿಯಿತು. ಅಕ್ಕ ಇಬ್ಬರ ಅಜ್ಜಿಯಂದಿರನ್ನೂ ಅದೇ ತರಗತಿಯಲ್ಲಿ ಫೋನಿಗೆ ಕರೆಸಿ ಜಗಳಕ್ಕೆ ಬಿಟ್ಟರು. ಆ ಜಗಳ ಕೊನೆಗೆ ಅಡುಗೆಯ ವಿವರಣೆಯಾಗಿ, ಇಬ್ಬರೂ ಸೊಸೆಯಂದಿರನ್ನು ಬೈದು ಮುಗಿಸಿದರು. ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಕ್ಕಳು ನಗುತ್ತಾ ನಗುತ್ತಾ ಕನ್ನಡಕ್ಕೆ ಹೊರಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಪೋಷಕರು ವಾಟ್ಸಾಪ್ ಗುಂಪಿನಲ್ಲಿ ಹೂಗುಚ್ಛದ ಚಿತ್ರಗಳನ್ನು ಸುರಿಸಿದರು. ಎಂಥ ಸ್ಪಷ್ಟ ಉಚ್ಚಾರಣೆ, ಎಂಥ ತಾಯಿಯ ದನಿ ಎಂದರು.

ಮುಂದೆ ತರಗತಿಯನ್ನು ಮುಖಾಮುಖಿ ನಡೆಸುವುದೆಂದು ತೀರ್ಮಾನವಾಗಿ, ಖಾಲಿದಿಯಾ ಬಡಾವಣೆಯ ಒಂದು ಕಟ್ಟಡದಲ್ಲಿ, ನೆಲಮಹಡಿಗೂ ಮೊದಲ ಮಹಡಿಗೂ ನಡುವಿನ ಮೆಜ್ಜನೈನ್ ಮಹಡಿಯಲ್ಲಿ ಸಭಾಂಗಣ ಸಿಕ್ಕಿತು. ಮೊದಲ ಶನಿವಾರ ಅಕ್ಕ, ಅಪರೂಪಕ್ಕೆ, ಎಲ್ಲರಿಗಿಂತ ಮೊದಲು ಬಂದು ಬಾಗಿಲ ಬಳಿ ನಿಂತಿದ್ದರು. ನೀಲಿ ಸೀರೆ, ನೀಲಿ ಉಗುರು. ಲಿಫ್ಟಿನಿಂದ ಇಳಿದ ಒಬ್ಬ ತಾಯಿ ಮಗಳ ಬ್ಯಾಗು, ನೀರಿನ ಬಾಟಲಿ, ಜಾಕೆಟು ಮೂರನ್ನೂ ಅಕ್ಕನ ಕೈಗೆ ತುರುಕಿ, ಇದನ್ನು ಹಿಡಿದುಕೊಂಡು ಮಗುವನ್ನು ಒಳಗೆ ಕೂರಿಸು ಎಂದು ಹಿಂದಿಯಲ್ಲಿ ಅಪ್ಪಣೆ ಮಾಡಿದರು. ಈ ದೇಶದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಕಪ್ಪು ಹೆಂಗಸು ಎಂದರೆ ಮಗು ನೋಡಿಕೊಳ್ಳುವವಳು. ಯಾರ ಮನೆಯವಳು ಎಂಬುದಷ್ಟೇ ಉಳಿದ ಪ್ರಶ್ನೆ.

"ಬ್ಯಾಗು ಮಗುವೇ ಹಿಡ್ಕೊಳ್ಳಲಿ. ನಾನು ಅವಳ ಟೀಚರ್," ಎಂದರು ಅಕ್ಕ.

ಆ ತಾಯಿ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ, ನೀವಾ? ಎಷ್ಟು ಚಂದ ಕನ್ನಡ ಮಾತಾಡ್ತೀರಿ ಮಾರಾಯ್ರೆ. ಎಲ್ಲಿ ಕಲ್ತದ್ದು?"

"ಅಮ್ಮನ ಹತ್ರ. ನೀವೆಲ್ಲಿ ಕಲ್ತದ್ದು?"

ಸುತ್ತ ನಿಂತವರು ನಕ್ಕರು. ಆ ತಾಯಿಯೂ ನಕ್ಕು, ಗೊತ್ತಾಗಲಿಲ್ಲ ಎಂದು ಮತ್ತೆ ಮತ್ತೆ ಕ್ಷಮೆ ಕೇಳಿದರು. ಮಕ್ಕಳಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಅಕ್ಕ ಬಾಯಿ ತೆರೆದೊಡನೆ ದನಿ ಗುರುತು ಹಿಡಿದು ಬಂದು ಸುತ್ತುವರಿದರು. ಕೆಲವರು ಕೂದಲನ್ನು ಮುಟ್ಟಿದರು. ಕೇಳಿ ಮುಟ್ಟಬೇಕು ಎಂದು ಅಕ್ಕ ಕಲಿಸಿದರು. ಮುಂದಿನ ವಾರ ಅವರೆಲ್ಲ ಕನ್ನಡದಲ್ಲೇ ಕೇಳಿದರು, ಅಕ್ಕ ಬೇಡ ಎಂದರು. ಅದೂ ಒಂದು ಪಾಠವಾಯಿತು.

ಕಟ್ಟಡದ ಕೆಳಗೆ ಕಾವಲಿಗಿದ್ದ ಯುಗಾಂಡದ ಮಹಿಳೆ ಅಂದು ಅಕ್ಕನನ್ನು ತಡೆದು ಯಾವ ದೇಶ ಎಂದು ವಿಚಾರಿಸಿದ್ದಳು. ಇಂಡಿಯಾ ಎಂದರೆ ನಂಬಲಿಲ್ಲ. ಗುರುತಿನ ಚೀಟಿ ತೋರಿಸಿದ ಮೇಲೆ ಕುರ್ಚಿಯ ಮೇಲೆ ಕುಸಿದು ನಕ್ಕಳಂತೆ. ಆಮೇಲೆ ಸಣ್ಣ ದನಿಯಲ್ಲಿ, ಹಾಗಾದರೆ ನಿನ್ನ ಜನ ನಿನ್ನನ್ನು ನನ್ನ ಹಾಗೆ ನೋಡುವುದಿಲ್ಲ ಅಲ್ಲವೇ ಎಂದು ಕೇಳಿದ್ದಳಂತೆ.

ಅಲ್ಲಿಂದ ಮುಂದೆ ಎಲ್ಲವೂ ನಗುನಗುತ್ತಲೇ ನಡೆಯಿತು. ಮೇಜುಗಳನ್ನು ಸರಿಸಬೇಕಾದಾಗ ಗಂಡಸರು ಅಕ್ಕನ ಕಡೆ ನೋಡುತ್ತಿದ್ದರು. ನಿಮಗೆ ಇದೆಲ್ಲ ಒಂದು ಲೆಕ್ಕವಾ, ನಿಮ್ಮದು ಗಟ್ಟಿ ಮೈ ಎನ್ನುತ್ತಿದ್ದರು. ವರ್ಷಗಟ್ಟಲೆ ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಹಿಡಿದಿರುವ ಹೆಣ್ಣು ಅದು; ರಾತ್ರಿ ಮಲಗುವುದು ಬಿಸಿನೀರಿನ ಚೀಲದ ಮೇಲೆ. ಅದೇ ನೋವನ್ನು ನನ್ನ ಅಮ್ಮ ಹೇಳಿಕೊಂಡರೆ ಕೂರಲು ಕುರ್ಚಿ ಬರುತ್ತದೆ. ಪೋಷಕರ ಗುಂಪಿನಲ್ಲಿಯೂ ದನಿ ಬದಲಾಯಿತು. ಸ್ಪಷ್ಟವಾಗಿದ್ದ ಉಚ್ಚಾರಣೆ ಈಗ ಸ್ವಲ್ಪ ಒರಟು ಅನ್ನಿಸತೊಡಗಿತು. ತಾಯಿಯ ದನಿ ಈಗ ಮಕ್ಕಳನ್ನು ಹೆದರಿಸುವ ದನಿಯಾಯಿತು. ಕೊನೆಗೊಬ್ಬರು ಬಹಳ ವಿನಯದಿಂದ, ಯಾರನ್ನೂ ನೋಯಿಸುವ ಉದ್ದೇಶವಿಲ್ಲವೆಂದು ಮುಗಿದ ಕೈಗಳ ಚಿತ್ರ ಹಾಕಿ, ಕನ್ನಡದವರೇ ಕನ್ನಡ ಕಲಿಸಿದರೆ ಒಳ್ಳೆಯದಲ್ಲವೇ ಎಂದು ಬರೆದರು. ಅದರ ಕೆಳಗೆ ಬಿದ್ದ ಮೆಚ್ಚುಗೆಯ ಹೆಬ್ಬೆರಳುಗಳಲ್ಲಿ ಮನೆಯಲ್ಲಿ ಇಂಗ್ಲಿಷು ಬಿಟ್ಟು ಬೇರೆ ಮಾತಾಡದವರ ಹೆಬ್ಬೆರಳುಗಳೂ ಇದ್ದವು. ಮನೆಯಲ್ಲಿ ಕನ್ನಡವಲ್ಲದೆ ಬೇರೆ ಮಾತೇ ಇಲ್ಲದೆ ಬೆಳೆದವರು ಅಕ್ಕ.

ಆ ರಾತ್ರಿ ಊಟಕ್ಕೆ ಕುಳಿತಾಗ ತಂದೆಯವರನ್ನು ಕೇಳಿದೆ. ಅವರು ಇಂಜಿನಿಯರು, ಕಡಿಮೆ ಮಾತಿನವರು, ಗದಗಿನ ಕಡೆಯ ಮೃದು ಮನುಷ್ಯ.

"ನೋಡವಾ, ಅಕಿನ್ನ ಯಾರೂ ಕೆಟ್ಟಾಕಿ ಅಂದಿಲ್ಲ. ಸಂಘ ಅಂದ್ರ ನಾಕ ಮಂದೀನ ಸಂಭಾಳಿಸ್ಕೊಂಡ ಹೋಗೂದು."

"ಆ ನಾಕ ಮಂದ್ಯಾಗ ಅಕಿ ಇಲ್ಲೇನಪ್ಪಾ?"

ಅವರು ಮೊಸರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ರಾಜ್ಯೋತ್ಸವ ಹತ್ತಿರವಾದಾಗ ಸಮಿತಿ ತರಗತಿ ಮುಗಿದ ಮೇಲೆ ಅದೇ ಸಭಾಂಗಣದಲ್ಲಿ ಸೇರಿತು. ಅಕ್ಕನನ್ನೂ ನನ್ನನ್ನೂ ಕರೆದಿದ್ದರು. ಅಧ್ಯಕ್ಷರು ದುಬೈಯ ರಾಸ್ ಅಲ್ ಖೋರ್‌ನಲ್ಲಿ ವಾಹನಗಳ ಬಿಡಿಭಾಗಗಳ ವ್ಯಾಪಾರ ನಡೆಸುವವರು, ಸಜ್ಜನರು, ಯಾರ ಮನೆಯಲ್ಲಿ ಸಾವು ನೋವು ಎಂದರೂ ಅಲ್ಲಿಂದ ಕಾರು ಹತ್ತಿ ಬರುವವರು. ಸಜ್ಜನರು ಅನ್ಯಾಯ ಮಾಡುವಾಗ ಎಷ್ಟು ನಯವಾಗಿ ಮಾಡುತ್ತಾರೆಂದು ನಾನು ಅಂದು ಕಲಿತೆ. ಅವರು ಅಕ್ಕನಿಗೆ ಕುರ್ಚಿ ಹಾಕಿ, ಚಹಾ ತರಿಸಿ, ಆಮೇಲೆ ಹೇಳಿದರು:

"ನೀವು ಬೇಜಾರು ಮಾಡ್ಲಿಕ್ಕಿಲ್ಲ ಮೇಡಂ. ಕ್ಲಾಸು ಸದ್ಯಕ್ಕೆ ಬೇರೆಯವರು ನೋಡಿಕೊಳ್ಳಲಿ. ರಾಜ್ಯೋತ್ಸವಕ್ಕೆ ನಿಮ್ದೊಂದು ಡ್ಯಾನ್ಸ್ ಇರ್ಲಿ. ನಿಮ್ಮ ಜನರಿಗೂ ಒಂದು ಗೌರವ ಆಗ್ತದೆ."

ಮೇಜಿನ ಮೇಲೆ ಒಂದು ಚೀಲವಿತ್ತು. ದುಬೈಯ ದೇರಾ ಪೇಟೆಯ ಒಂದು ವೇಷಭೂಷಣದ ಅಂಗಡಿಯಿಂದ ತಂದದ್ದು. ಒಳಗೆ ಪ್ಲಾಸ್ಟಿಕ್ ಎಲೆಗಳ ಲಂಗ, ಮೂಳೆಗಳಂತೆ ಕಾಣುವ ಸರ. ಇನ್ನೊಬ್ಬ ಸದಸ್ಯರು ತಮಾಷೆಗೆಂದು, ಗುಂಗುರು ಕೂದಲಿನ ವಿಗ್ ಒಂದನ್ನು ನಿಮಗಾಗಿ ತಂದಿಲ್ಲ ಮೇಡಂ, ಅದೊಂದು ಖರ್ಚು ಉಳಿಯಿತು ಎಂದರು. ನಗು ಎದ್ದಿತು.

ಅಕ್ಕ ಲಂಗವನ್ನು ಎತ್ತಿ ನೋಡಿ, ಮಡಚಿ, ಚೀಲಕ್ಕೆ ಹಾಕಿದರು. "ಅಧ್ಯಕ್ಷರೇ, ಎಲೆ ನಾವು ಊಟಕ್ಕೆ ಹಾಕ್ತೇವೆ. ಮೈಗೆ ಸೀರೆಯೇ ಉಡೋದು."

ಈ ಸಲ ಯಾರೂ ನಗಲಿಲ್ಲ. ಅಕ್ಕ ಮೆಲ್ಲಗೆ ವಿವರಿಸಿದರು. ತಮ್ಮ ಮನೆಗಳಲ್ಲಿ ಡಮಾಮಿ ಎಂಬ ಡೋಲು ಬಾರಿಸುವುದೂ ಕುಣಿಯುವುದೂ ಉಂಟು. ಅಮ್ಮ, ದೊಡ್ಡಮ್ಮಂದಿರು ಕೆಲಸ ಮುಗಿಸಿ, ಉಟ್ಟ ಸೀರೆಯಲ್ಲೇ, ತಮ್ಮ ಖುಷಿಗೆ ಕುಣಿಯುತ್ತಿದ್ದರು. ತಮಗೆ ಅದು ಒಲಿಯಲಿಲ್ಲ, ತಾಳ ತಪ್ಪುತ್ತದೆಂದು ದೊಡ್ಡಮ್ಮ ಚಿಕ್ಕಂದಿನಲ್ಲೇ ಹೊರಗೆ ಕೂರಿಸಿದ್ದರು. ಮಕ್ಕಳು ವರ್ಷವಿಡೀ ತಂದ ಪದಗಳನ್ನು ವೇದಿಕೆಯ ಮೇಲೆ ಅವರಿಂದಲೇ ಹೇಳಿಸುತ್ತೇನೆ, ಸಾಧ್ಯವಾದರೆ ಆ ಅಜ್ಜಿಯಂದಿರ ದನಿಗಳನ್ನೂ ಕೇಳಿಸುತ್ತೇನೆ ಎಂದರು. ಕೊನೆಗೆ ಹೇಳಿದ್ದು ಇಷ್ಟು: "ನನಗೆ ಕುಣಿಲಿಕ್ಕೆ ಬರೂದಿಲ್ಲ. ಪಾಠ ಮಾಡ್ಲಿಕ್ಕೆ ಬರ್ತದೆ. ನನಗೆ ಕ್ಲಾಸು ಬೇಕು."

ವೇದಿಕೆಗೆ ಸ್ವಲ್ಪ ಕಲರ್ ಬೇಕಲ್ಲ ಮೇಡಂ ಎಂದು ಅಧ್ಯಕ್ಷರು ನಿಟ್ಟುಸಿರಿಟ್ಟರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಮೇಜನ್ನು ಗುದ್ದಿ, ಗಂಟಲು ಹರಿಯುವಂತೆ ಕೂಗಿದೆ: ಇವರು ಆಫ್ರಿಕದವರಲ್ಲ, ಅಪ್ಪಟ ಕನ್ನಡದವರು, ನಿಮಗೆ ನಾಚಿಕೆಯಾಗಬೇಕು. ಚಹಾದ ಲೋಟ ಉರುಳಿತು. ಅಕ್ಕ ಕಾಗದದ ಕರವಸ್ತ್ರದಿಂದ ಮೇಜನ್ನು ಒರೆಸಿ, ಚೀಲವನ್ನು ಒದ್ದೆಯಾಗದಂತೆ ಆಚೆ ಸರಿಸಿದರು.

ಮನೆಗೆ ಬಿಡಲು ಕಾರಿನಲ್ಲಿ ಕೂರಿಸಿಕೊಂಡಾಗ ಶಹಭಾಸ್ ಎನ್ನುತ್ತಾರೆಂದುಕೊಂಡಿದ್ದೆ. ಕಡಲಂಚಿನ ಕಾರ್ನಿಶ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕ ಕೇಳಿದರು:

"ನಾನು ಆಫ್ರಿಕದವಳೇ ಆಗಿದ್ರೆ? ಆಗ ಆ ಲಂಗ ಸರಿ ಇತ್ತಾ ಮಾರಾಯ್ತಿ?"

ಸಿಗ್ನಲ್ ಹಸಿರಾಯಿತು, ಅವರು ಎಂದಿನಂತೆ ಹಾರಿಸಿಕೊಂಡು ಹೋದರು. ಈ ಬರಹದ ಉಳಿದ ವಾದವೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು. ಸಿದ್ದಿಯೊಬ್ಬರು ಕನ್ನಡಿಗರು ಎಂದು ಸಾಬೀತುಮಾಡಿ ಅವರನ್ನು ಅವಮಾನದಿಂದ ಪಾರುಮಾಡುವುದು ನ್ಯಾಯವಲ್ಲ. ಅವಮಾನವನ್ನು ಕೆಳಗೆ ಕುಳಿತ ಯುಗಾಂಡದ ಕಾವಲಿನವಳ ತಲೆಗೆ ದಾಟಿಸಿದಂತೆ ಅಷ್ಟೆ. ಬಾಗಿಲ ಬಳಿ ಬ್ಯಾಗು ತುರುಕಿದ ತಾಯಿ ಕ್ಷಮೆ ಕೇಳಿದ್ದು ಟೀಚರನ್ನು ಆಯಾ ಎಂದುಕೊಂಡದ್ದಕ್ಕೆ. ಆಯಾ ಒಬ್ಬಳನ್ನು ಹಾಗೆ ಮಾತಾಡಿಸಬಹುದು ಎಂದುಕೊಂಡದ್ದಕ್ಕೆ ಅವರು ಯಾರಲ್ಲಿಯೂ ಕ್ಷಮೆ ಕೇಳಲಿಲ್ಲ.

ಸಭೆಯ ನಡಾವಳಿ ಕೆಲವು ದಿನಗಳ ನಂತರ ಸದಸ್ಯರೆಲ್ಲರಿಗೂ ಬಂದಿತು. ಅದರಲ್ಲಿ ಆಗಿದ್ದು ವೇಳಾಪಟ್ಟಿಯ ಬದಲಾವಣೆಯೆಂದೂ, ಶಿಕ್ಷಕಿಯವರು ಉದ್ರಿಕ್ತರಾಗಿ ಮಾತನಾಡಿದರೆಂದೂ, ಯುವ ಸದಸ್ಯೆಯೊಬ್ಬರು ಕಾಳಜಿ ವ್ಯಕ್ತಪಡಿಸಿದರೆಂದೂ ಇತ್ತು. ಮೇಜು ಗುದ್ದಿದವಳ ಪಾಲಿಗೆ ಕಾಳಜಿ ಬಂದಿತ್ತು, ಮೇಜು ಒರೆಸಿದವರ ಪಾಲಿಗೆ ಉದ್ರೇಕ. ಬರೆದವರು ಸುಳ್ಳು ಹೇಳಬೇಕೆಂದು ಬರೆದಿರಲಾರರು. ಅವರಿಗೆ ನಿಜವಾಗಿಯೂ ಹಾಗೆಯೇ ಕೇಳಿಸಿರಬೇಕು. ಕಪ್ಪು ಹೆಣ್ಣೊಬ್ಬಳು 'ಬೇಡ' ಎಂದರೆ ಸಾಕು, ಅದು ಚೀರಾಟವಾಗಿ ಕೇಳಿಸುವಂತೆ ನಮ್ಮ ಕಿವಿಗಳು ತಯಾರಾಗಿವೆ. ಸಿನಿಮಾದ ಹಾಸ್ಯಗಳಿಂದ, ಮದುವೆ ಜಾಹೀರಾತಿನ ಬಣ್ಣದ ಷರತ್ತುಗಳಿಂದ, ಮನೆಗೆಲಸದವರ ಬಗ್ಗೆ ಊಟದ ಮೇಜಿನಲ್ಲಿ ಆಡುವ ಮಾತುಗಳಿಂದ ಈ ಕಿವಿ ತಯಾರಾಗಿದೆ. ಆಕೆ ಗಟ್ಟಿಗಿತ್ತಿ, ಆದ್ದರಿಂದ ನೋವಿಲ್ಲ. ಆಕೆ ಕುಣಿಯುವವಳು, ಆದ್ದರಿಂದ ಕಲಿಸಲಾರಳು. ಆಕೆ ಸಿಟ್ಟಿನವಳು, ಆದ್ದರಿಂದ ಆಕೆಯ ದೂರನ್ನು ಕೇಳಬೇಕಾಗಿಲ್ಲ.

ಅಕ್ಕ ಒಪ್ಪದಿದ್ದರೂ ನೃತ್ಯ ನಡೆಯಿತು. ಅವರ ತರಗತಿಯ ಮಕ್ಕಳನ್ನೇ ಆರಿಸಿ, ಮುಖಕ್ಕೆ ಕೈಗೆ ಕಪ್ಪು ಬಳಿದು, ವಿಗ್ ಹಾಕಿ, ಅಂಥವೇ ಎಲೆಯ ಲಂಗಗಳನ್ನು ತೊಡಿಸಿದರು. ನಮ್ಮ ನಾಡಿನ ಸಿದ್ದಿ ಸೋದರಿಯರಿಗೆ ಈ ನೃತ್ಯ ಒಂದು ಗೌರವ ಎಂದು ನಿರೂಪಕರು ಘೋಷಿಸಿದರು. ನಾಡಿನ ಆ ಸೋದರಿ ಸಭಾಂಗಣದ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದರು. ಮಕ್ಕಳು ಕರೆದಿದ್ದರೆಂದು ಬಂದಿದ್ದರು. ಮಕ್ಕಳು ನಾಲಗೆ ಹೊರಚಾಚಿ, ಈಟಿ ಹಿಡಿದು ಹೂಂಕರಿಸಿದರು. ಜನ ಚಪ್ಪಾಳೆ ತಟ್ಟಿದರು, ಫೋನುಗಳು ಮೇಲೆದ್ದವು. ಅಕ್ಕ ನೇರ ನೋಡುತ್ತಿದ್ದರು.

ಮುಗಿದ ಮೇಲೆ ಹೊರಗಿನ ಮೊಗಸಾಲೆಯಲ್ಲಿ ಒಬ್ಬ ಹುಡುಗಿ ಓಡಿಬಂದಳು. ಮೊದಲ ದಿನ ಅಕ್ಕನ ಕೈಗೆ ಬ್ಯಾಗು ತುರುಕಿದ್ದ ತಾಯಿಯ ಮಗಳು. ಕಪ್ಪು ಬಣ್ಣ ಬೆವರಿಗೆ ಕರಗಿ ಕುತ್ತಿಗೆಗೆ ಇಳಿದಿತ್ತು. ಮುಖದಲ್ಲಿ ಏನೂ ಅರಿಯದ ಸಂತೋಷ.

"ಟೀಚರ್, ನೋಡಿ, ಇವತ್ತು ನಾನು ನೀವು."

ವಾಕ್ಯ ಪೂರ್ತಿ ಕನ್ನಡದಲ್ಲಿತ್ತು. ಅವಳಿಗೆ ಅಷ್ಟು ಕನ್ನಡ ಕಲಿಸಿದವರು ಎದುರಿಗೇ ನಿಂತಿದ್ದರು. ಅಕ್ಕ ಮಂಡಿಯೂರಿ ಕುಳಿತು ಅವಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದರು.

"ನಾನು ಹೀಗಿದ್ದೇನಾ ಮಗಾ? ಸರಿ ನೋಡು."

ಹುಡುಗಿ ನೋಡಿದಳು. ನಿಜವಾಗಿಯೂ ನೋಡಿದಳು, ದೊಡ್ಡವರು ಯಾರೂ ನೋಡದಷ್ಟು ಹೊತ್ತು. ಆಮೇಲೆ ತನ್ನ ಅಂಗೈಯನ್ನು ನೋಡಿಕೊಂಡು, ನಾಲಗೆಯಿಂದ ತುಟಿಯ ಬಣ್ಣ ಮುಟ್ಟಿ, ಅಳತೊಡಗಿದಳು. ಅಕ್ಕ ಒದ್ದೆ ಟಿಶ್ಯೂವಿನಿಂದ ಒರೆಸಿದರು, ಬಣ್ಣ ಹೋಗಲಿಲ್ಲ. ಅಷ್ಟರಲ್ಲಿ ಬಂದ ತಾಯಿಗೆ, ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಲು ಬಿಡಿ, ಸೋಪು ಹಾಕಿ ಉಜ್ಜಬೇಡಿ, ಮಗುವಿನ ಚರ್ಮ ಕಿತ್ತು ಬರುತ್ತದೆ ಎಂದು ತಿಳಿಸಿದರು. ನರ್ಸು ಹೇಳುವ ಹಾಗೆಯೇ ಹೇಳಿದರು. ತಾಯಿ ತಲೆ ಎತ್ತಲಿಲ್ಲ. ಕಾರು ನಿಲ್ಲಿಸಿದ್ದ ಜಾಗಕ್ಕೆ ಹೋಗುವವರೆಗೆ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡೇ ನಡೆದರು.

ತರಗತಿ ಈಗಲೂ ನಡೆಯುತ್ತಿದೆ. ತುಂಬಿಯೇ ಇದೆ. ಹೊಸ ಶಿಕ್ಷಕಿ ಒಳ್ಳೆಯವರು, ಅವರ ಮೇಲೆ ನನ್ನ ಯಾವ ಆಕ್ಷೇಪವೂ ಇಲ್ಲ. ನಾನು ಸಹಾಯಕಿಯ ಜಾಗವನ್ನು ಬಿಟ್ಟಿದ್ದೇನೆ. ಮತ್ತೆ ಕರೆದರೆ ಹೋಗುತ್ತೀರಾ ಎಂದು ಅಕ್ಕನನ್ನು ಕಳೆದ ವಾರ ಕೇಳಿದೆ. ಮಕ್ಕಳಿಗಾಗಿ ಹೋಗುತ್ತೇನೆ, ಆದರೆ ಹಿಂಬಾಗಿಲಿನಿಂದ ಹೋಗುವುದಿಲ್ಲ, ಯಾಕೆ ತೆಗೆದರೆಂದು ಎಲ್ಲರೆದುರು ಹೇಳಿ ಕರೆಯಬೇಕು ಎಂದರು. ಅವರು ಕೇಳುತ್ತಿರುವುದು ಸನ್ಮಾನವಲ್ಲ, ಶಾಲು ಹಾರವೂ ಅಲ್ಲ. ವರ್ಷಕ್ಕೊಮ್ಮೆ ಕಪ್ಪು ಹೆಣ್ಣನ್ನು ವೇದಿಕೆಗೆ ಹತ್ತಿಸಿ ದೀಪ ಬೆಳಗಿಸಿದರೆ ಆಕೆಗೆ ಗೌರವ ಕೊಟ್ಟಂತಾಗುವುದಿಲ್ಲ. ಪ್ರತಿ ಶನಿವಾರ, ತಡವಾಗಿ ಬಂದು, ಕ್ಷಮೆ ಕೇಳಿ, ಕಾಗುಣಿತ ತಿದ್ದುವ ಒಬ್ಬ ಸಾಧಾರಣ ಟೀಚರ್ ಆಗಿ ಆಕೆ ನಮ್ಮ ಮಕ್ಕಳಿಗೆ ಕಾಣಬೇಕು. ಆಕೆಯಿಂದ ಕಿತ್ತುಕೊಂಡದ್ದು ಆ ಸಾಧಾರಣತೆಯನ್ನು.

ಆದ್ದರಿಂದ ಸಂಘದ ಅಧ್ಯಕ್ಷರಲ್ಲಿ, ಕಾರ್ಯಕಾರಿ ಸಮಿತಿಯ ಸದಸ್ಯರೆಲ್ಲರಲ್ಲಿ, ಅವರಲ್ಲೊಬ್ಬರಾದ ನನ್ನ ತಂದೆಯವರಲ್ಲಿ, ಸಂಘದ ಸದಸ್ಯೆಯಾಗಿ ನಾನು ಈ ಮೂಲಕ ವಿನಂತಿಸುತ್ತೇನೆ. ಯಾವ ದೂರಿನ ಆಧಾರದ ಮೇಲೆ ಶಿಕ್ಷಕಿಯನ್ನು ತರಗತಿಯಿಂದ ತೆಗೆಯಲಾಯಿತು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಅಂಥ ದೂರು ಇಲ್ಲವಾದರೆ, ಹೊಸ ತರಗತಿಗಳು ಆರಂಭವಾಗುವ ಮೊದಲು ಸರ್ವ ಸದಸ್ಯರ ಸಭೆ ಕರೆದು, ನಡೆದದ್ದನ್ನು ಒಪ್ಪಿಕೊಂಡು, ತರಗತಿಯನ್ನು ಅವರಿಗೆ ಮರಳಿ ಒಪ್ಪಿಸಬೇಕು. ನಡಾವಳಿಯಲ್ಲಿ ಅವರ ಬಗ್ಗೆ ಬರೆದ ಮಾತನ್ನು ತಿದ್ದಬೇಕು. ಮೇಜು ಗುದ್ದಿದವಳು ನಾನೆಂದು ದಾಖಲಿಸಬೇಕು. ಇನ್ನು ಮುಂದೆ ಸಂಘದ ಯಾವ ವೇದಿಕೆಯಲ್ಲಿಯೂ ಯಾವ ಮಗುವಿನ ಮುಖಕ್ಕೂ ಇನ್ನೊಬ್ಬರ ಚರ್ಮವೆಂದು ಬಣ್ಣ ಬಳಿಯುವುದಿಲ್ಲವೆಂದು ನಿರ್ಣಯಿಸಬೇಕು. ಉತ್ತರವನ್ನು ನನಗೊಬ್ಬಳಿಗೇ ಕಳಿಸಬಾರದು, ಎಲ್ಲ ಸದಸ್ಯರಿಗೂ ಕಳಿಸಬೇಕೆಂದು, ಮತ್ತು ಅದರ ಮೊದಲ ಪ್ರತಿ ಶಿಕ್ಷಕಿಯವರ ಕೈ ಸೇರಬೇಕೆಂದು ಕೋರುತ್ತೇನೆ.